ಪಂಗ್ವಂಧ ಬಧಿರ: ಕೋಡಿಯ ಮಠದ ಅನ್ನ, ಮಿತಾಕ್ಷರದ ಪಾಲು

ಬಳ್ಳಿಗಾವಿಗೆ ಹೋದವರು ಸಾಮಾನ್ಯವಾಗಿ ತ್ರಿಪುರಾಂತಕ ದೇವಾಲಯ, ಕೇದಾರೇಶ್ವರ, ಗಂಡಭೇರುಂಡದ ಕಂಬ ಇಷ್ಟು ನೋಡಿ, ಅಲ್ಲಮನ ಊರು ಅಂತ ಒಮ್ಮೆ ಕೈಮುಗಿದು, ಶಿರಾಳಕೊಪ್ಪದ ಕಡೆಗೋ ಬನವಾಸಿಯ ಕಡೆಗೋ ಹೊರಟುಬಿಡುತ್ತಾರೆ. ನಮ್ಮಂಥ ಶಾಸನದ ಹುಚ್ಚಿನವರು ಮಾತ್ರ ಕೇದಾರೇಶ್ವರದಲ್ಲಿ ಅರ್ಧ ದಿನ ಕೂರುತ್ತೇವೆ. ಕಾರಣ ಶಿಕಾರಿಪುರ 102. ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಈ ಶಾಸನದ ಪಾಠವೂ ಅನುವಾದವೂ ಇವೆ. ಕಾಲ ಕ್ರಿ.ಶ. 1162. ಕಳಚುರಿ ಬಿಜ್ಜಳನ ಆಳ್ವಿಕೆ. ದತ್ತಿ ಪಡೆದವರು ಕೋಡಿಯ ಮಠದ ಕಾಳಾಮುಖ ಗುರು ವಾಮಶಕ್ತಿ ಪಂಡಿತದೇವರು.

ಕೋಡಿ ಅಂದರೆ ಗೊತ್ತಲ್ಲ, ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ. ಕೆರೆಯ ಪಕ್ಕದ ಈ ಮಠವನ್ನು ಶಾಸನ ಸುಮ್ಮನೆ ಹೊಗಳಿ ಬಿಡುವುದಿಲ್ಲ. ಇಲ್ಲಿ ಏನೇನು ನಡೆಯುತ್ತದೆ ಅಂತ ಒಂದೊಂದಾಗಿ ಲೆಕ್ಕ ಕೊಡುತ್ತದೆ. ನಾಲ್ಕು ವೇದ ಅಂಗಸಮೇತ, ಪಾಣಿನೀಯ ಶಾಕಟಾಯನ ಮುಂತಾದ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯದ ಜೊತೆಗೆ ಬೌದ್ಧ ದರ್ಶನ ಕೂಡ, ಲಾಕುಳ ಸಿದ್ಧಾಂತ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಶೈವ ಮಠದಲ್ಲಿ ಬೌದ್ಧ ದರ್ಶನ ಓದಿಸುತ್ತಿದ್ದರು ಅನ್ನೋದೇ ಹೆಚ್ಚಿನ ಲೇಖನಗಳಲ್ಲಿ ಸುದ್ದಿಯಾಗುವುದು. ಆ ಪಟ್ಟಿಯಲ್ಲಿ ಬಂದು ಹೋಗುವ 'ಧರ್ಮಶಾಸ್ತ್ರ' ಅನ್ನುವ ಪದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಅದನ್ನು ಬಹಳ ವರ್ಷ ಗಮನಿಸಿರಲಿಲ್ಲ.

ವಿದ್ಯೆಯ ಪಟ್ಟಿ ಮುಗಿದ ಮೇಲೆ ಅನ್ನದ ಪಟ್ಟಿ. ಒಂದೇ ಉದ್ದನೆಯ ಸಮಾಸ, ಉಸಿರು ಬಿಡಲು ಜಾಗವಿಲ್ಲ. ದೀನರು, ಅನಾಥರು, ಪಂಗು, ಅಂಧ, ಬಧಿರ. ಅಂದರೆ ಕಾಲಿಲ್ಲದವರು, ಕಣ್ಣಿಲ್ಲದವರು, ಕಿವಿ ಕೇಳದವರು. ಇಲ್ಲಿಗೆ ನಿಲ್ಲುತ್ತದೆ ಅಂದುಕೊಂಡರೆ ಇಲ್ಲ. ಅದೇ ಉಸಿರಿನಲ್ಲಿ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲಿನವರು, ಕುಣಿಯುವವರು, ರಾಜರನ್ನು ಹಾಡಿ ಎಬ್ಬಿಸುವ ವೈತಾಳಿಕರು. ಆಮೇಲೆ ನಗ್ನರು, ಭಗ್ನರು, ಕ್ಷಪಣಕರು, ಏಕದಂಡಿ ತ್ರಿದಂಡಿ ಹಂಸ ಪರಮಹಂಸರೆಂಬ ಸಂನ್ಯಾಸಿಗಳು. 'ಭಗ್ನ' ಅಂದರೆ ಮುರಿದವರು. ರೈಸ್ ಇದನ್ನು ಅಂಗ ಊನವಾದವರು ಎಂಬ ಅರ್ಥದಲ್ಲಿ ಅನುವಾದಿಸಿದ್ದಾರೆ. ಇವರಿಗೆಲ್ಲ ಊಟ ಹಾಕುವ ಸ್ಥಾನ ಅದು. ಅದರ ಬೆನ್ನಲ್ಲೇ ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಸ್ಥಾನವೂ ಹೌದು, ಎಲ್ಲ ಜೀವಿಗಳಿಗೆ ಅಭಯ ಕೊಡುವ ಸ್ಥಾನವೂ ಹೌದು ಅನ್ನುತ್ತದೆ ಶಾಸನ.

ಇಲ್ಲಿ ಎರಡು ವಿಷಯ ನನಗೆ ಮೊದಲಿನಿಂದ ಇಷ್ಟ. ಒಂದು, ಆ ಸಮಾಸದ ರಚನೆ. ಪಂಗು, ಅಂಧ ಎರಡೂ ಸೇರಿ ಯಣ್ ಸಂಧಿಯಲ್ಲಿ 'ಪಂಗ್ವಂಧ' ಆಗುತ್ತದೆ, ಅದಕ್ಕೆ ಬಧಿರ ಅಂಟಿಕೊಳ್ಳುತ್ತದೆ, ಅದಕ್ಕೆ ಕಥಕ, ಅದಕ್ಕೆ ಗಾಯಕ. ದ್ವಂದ್ವ ಸಮಾಸದಲ್ಲಿ ಯಾವ ಪದವೂ ಇನ್ನೊಂದರ ಆಳಲ್ಲ, ಎಲ್ಲಕ್ಕೂ ಸಮ ಬೆಲೆ. ಕಣ್ಣಿಲ್ಲದವನಿಗೂ ಪರಮಹಂಸ ಸಂನ್ಯಾಸಿಗೂ ವ್ಯಾಕರಣ ಒಂದೇ ಪಂಕ್ತಿ ಹಾಕಿದೆ. ಇನ್ನೊಂದು, 'ಅನಿವಾರ್ಯ' ಅನ್ನುವ ಪದ. ಇವತ್ತು ನಾವು 'ಬೇರೆ ದಾರಿಯಿಲ್ಲ' ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಶಾಸನದಲ್ಲಿ ಅದು ಅನ್ನದಾನಕ್ಕೆ ವಿಶೇಷಣ. ನಿವಾರಿಸಬಾರದ, ಅಂದರೆ ಯಾರನ್ನೂ ಬಾಗಿಲಲ್ಲಿ ತಡೆಯಬಾರದ ಅನ್ನದಾನ. 'ನೀನು ಯಾರು, ಯಾಕೆ ಬಂದೆ' ಅಂತ ಕೇಳುವ ಹಾಗಿಲ್ಲ.

ಊರಿಗೆ ಹೋದಾಗ ಇದನ್ನೆಲ್ಲ ನಾನು ಉತ್ಸಾಹದಿಂದ ಚಿಕ್ಕಪ್ಪನಿಗೆ ಓದಿ ಹೇಳಿದೆ. ಚಿಕ್ಕಪ್ಪನಿಗೆ ಎಂಟನೇ ವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋದವು. ಈಗ ಎಪ್ಪತ್ತು ದಾಟಿದೆ, ನಮ್ಮ ಅಮ್ಮನ ಜೊತೆ ಊರಿನ ಮನೆಯಲ್ಲಿದ್ದಾರೆ. ಪೂರ್ತಿ ಕೇಳಿಸಿಕೊಂಡರು. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, "ಊಟ ಹಾಕ್ತಿದ್ರು ಅನ್ನು. ಊಟಕ್ಕೆ ನಮ್ಮನೇಲೂ ಯಾವತ್ತೂ ಕಮ್ಮಿ ಇರಲಿಲ್ಲ ಬಿಡು ಮಗಾ" ಅಂದರು.

ಅಷ್ಟೇ ಅಂದಿದ್ದು. ವ್ಯಂಗ್ಯವಾ, ಮೆಚ್ಚುಗೆಯಾ, ಆಗ ತಿಳಿಯಲಿಲ್ಲ. ಅಮ್ಮ ಒಳಗೆ ಎದ್ದು ಹೋದಳು.

ಅದಾದ ಮೇಲೆ ನಾನು ಓದಲು ಹಿಡಿದದ್ದು ಶಾಸನವನ್ನಲ್ಲ, ಮಿತಾಕ್ಷರವನ್ನು. ಶಾಸನಾಸಕ್ತರಿಗೆ ಇದರ ಪರಿಚಯ ಇರುತ್ತದೆ, ಆದರೂ ಹೇಳುತ್ತೇನೆ. ಕಲ್ಯಾಣದ ಆರನೇ ವಿಕ್ರಮಾದಿತ್ಯನ (1076ರಿಂದ 1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಇದು. ಆತ ಕಲಬುರಗಿ ಸೀಮೆಯ ಮರ್ತೂರಿನವನು ಅಂತ ಹೇಳುತ್ತಾರೆ. ಕನ್ನಡ ನೆಲದಲ್ಲಿ ಹುಟ್ಟಿ ಬಂಗಾಳ, ಅಸ್ಸಾಂ ಬಿಟ್ಟರೆ ಹೆಚ್ಚುಕಡಿಮೆ ಇಡೀ ಭಾರತದ ಹಿಂದೂ ಆಸ್ತಿ ಕಾನೂನಾದ ಪುಸ್ತಕ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಅಲ್ಲಿಂದ ಬ್ರಿಟಿಷರ ಕೋರ್ಟುಗಳು ಅದನ್ನು ಹಿಡಿದುಕೊಂಡವು.

ಅದರಲ್ಲಿ ಯಾರಿಗೆ ಪಾಲಿಲ್ಲ ಅನ್ನುವ ಒಂದು ಪಟ್ಟಿ ಇದೆ. ಯಾಜ್ಞವಲ್ಕ್ಯನ ಶ್ಲೋಕ ಹೆಸರಿಸುವವರಲ್ಲಿ ಪತಿತರ ಜೊತೆಗೆ ಪಂಗು ಇದ್ದಾನೆ, ಉನ್ಮತ್ತ ಇದ್ದಾನೆ, ಜಡ ಇದ್ದಾನೆ, ಅಂಧ ಇದ್ದಾನೆ, ವಾಸಿಯಾಗದ ರೋಗದವನಿದ್ದಾನೆ. ಮನುಸ್ಮೃತಿಯ ಇಂಥದೇ ಪಟ್ಟಿಯಲ್ಲಿ ಬಧಿರನೂ ಮೂಕನೂ ಇದ್ದಾರೆ. ಇವರೆಲ್ಲ 'ನಿರಂಶಕ'ರು, ಅಂದರೆ ಅಂಶವಿಲ್ಲದವರು. ಆದರೆ 'ಭರ್ತವ್ಯ'ರು, ಸಾಕಬೇಕಾದವರು. ಸಾಕೋದು ಅಂದರೆ ಏನು ಅಂತ ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ: ಅನ್ನ ಮತ್ತು ಬಟ್ಟೆ. ಸಾಕದೆ ಹೋದರೆ ಪಾಲು ತಗೊಂಡವರೇ ಪತಿತರಾಗುತ್ತಾರೆ ಎಂದು ಮನುವಿನ ಮಾತನ್ನೂ ಜೊತೆಗಿಡುತ್ತಾನೆ.

ಆತನಿಗೆ ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡಬೇಕು. ಸುಮ್ಮನೆ ಬಾಗಿಲು ಮುಚ್ಚಿದ ಮನುಷ್ಯ ಅಲ್ಲ ಅವನು. ದೋಷ ಪಾಲಾಗುವ ಮೊದಲೇ ಇದ್ದರೆ ಮಾತ್ರ ಪಾಲಿಲ್ಲ, ಪಾಲಾದ ಮೇಲೆ ಬಂದರೆ ಕಿತ್ತುಕೊಳ್ಳುವ ಹಾಗಿಲ್ಲ. ಔಷಧದಿಂದ ದೋಷ ಹೋದರೆ ಆಮೇಲೆ ಬಂದು ಪಾಲು ಕೇಳಬಹುದು. ಇದಕ್ಕೆ ಅವನು ಕೊಡುವ ಹೋಲಿಕೆ, ಪಾಲಾದ ಮೇಲೆ ಹುಟ್ಟಿದ ಮಗನದು. ನಿರಂಶಕನ ಗಂಡುಮಕ್ಕಳಲ್ಲಿ ದೋಷವಿಲ್ಲದಿದ್ದರೆ ಅವರಿಗೆ ಪಾಲುಂಟು, ಹೆಣ್ಣುಮಕ್ಕಳನ್ನು ಮದುವೆಯಾಗುವವರೆಗೆ ಸಾಕಬೇಕು, ಹೆಂಡತಿಯನ್ನೂ ಸಾಕಬೇಕು. ಒಂದೊಂದು ಸಂದರ್ಭವನ್ನೂ ಯೋಚಿಸಿದ್ದಾನೆ. ನಾನು ಓದಿನಲ್ಲಿ ಇಂಜಿನಿಯರು, ಇಂಥ ಕೆಲಸ ನೋಡಿದರೆ ಗೌರವ ಬರುತ್ತದೆ. ಆದರೂ ಇಷ್ಟೆಲ್ಲ ಯೋಚಿಸಿದವನು ಪಾಲಿಗೂ ಕಣ್ಣಿಗೂ ಏನು ಸಂಬಂಧ ಅನ್ನೋದನ್ನು ಯೋಚಿಸಲಿಲ್ಲ. ಧೃತರಾಷ್ಟ್ರನಿಗೆ ಮೊದಲು ಪಟ್ಟ ತಪ್ಪಿದ ಕಥೆ ಕೇಳುತ್ತ ಬೆಳೆದ ಯಾರಿಗೂ ಅದು ಪ್ರಶ್ನೆ ಅಂತಲೇ ಅನ್ನಿಸಿರಲಿಕ್ಕಿಲ್ಲ.

ಈಗ ಶಿಕಾರಿಪುರ 102ಕ್ಕೆ ವಾಪಸ್ ಬನ್ನಿ. ಅಲ್ಲಿನ ಪಂಗು, ಅಂಧ ಇಲ್ಲಿಯ ಪಂಗು, ಅಂಧ. ಅದೇ ಪದಗಳು. ಕಲ್ಯಾಣದ ರಾಜ್ಯದೊಳಗೇ ಇದ್ದ ಬನವಾಸಿ ನಾಡು, ಮಿತಾಕ್ಷರ ಬಂದು ಒಂದೆರಡು ತಲೆಮಾರು ಕಳೆದ ಕಾಲ. ಸ್ಮೃತಿಯ ಪಟ್ಟಿಯಲ್ಲಿ ಪಾಲು ಕಳೆದುಕೊಂಡವರು ಶಾಸನದ ಪಟ್ಟಿಯಲ್ಲಿ ಊಟಕ್ಕೆ ಕೂತಿದ್ದಾರೆ. ಕೋಡಿಯ ಮಠದಲ್ಲಿ ಧರ್ಮಶಾಸ್ತ್ರ ಓದಿಸುತ್ತಿದ್ದರು ಅಂತ ಆ ಶಾಸನವೇ ಹೇಳುತ್ತದಲ್ಲ, ಅಲ್ಲಿ ಯಾವ ಗ್ರಂಥ ಹಿಡಿದು ಪಾಠ ಮಾಡಿದ್ದರೂ ಈ ನಿಯಮ ಬಂದೇ ಬರುತ್ತಿತ್ತು, ಮನುವಿನಲ್ಲಾದರೂ ಸರಿ, ಯಾಜ್ಞವಲ್ಕ್ಯನಲ್ಲಾದರೂ ಸರಿ. ಒಳಗೆ ಒಬ್ಬ ಉಪಾಧ್ಯಾಯ 'ಅಂಧನಿಗೆ ಪಾಲಿಲ್ಲ, ಅನ್ನ ಉಂಟು' ಅಂತ ಪಾಠ ಹೇಳುತ್ತಿದ್ದಾನೆ, ಹೊರಗೆ ಜಗಲಿಯಲ್ಲಿ ಆ ಅಂಧನಿಗೆ ಅನ್ನ ಬಡಿಸುತ್ತಿದ್ದಾರೆ. ಇದು ನನ್ನ ಊಹೆಯ ಚಿತ್ರ, ಶಾಸನದ್ದಲ್ಲ. ಆದರೆ ಎರಡು ಪಠ್ಯಗಳನ್ನು ಪಕ್ಕಪಕ್ಕ ಇಟ್ಟರೆ ಬೇರೆ ಚಿತ್ರ ನನಗೆ ಮೂಡುವುದಿಲ್ಲ. ಮಠದ ದಯೆಯೂ ಶಾಸ್ತ್ರದ ನಿಯಮವೂ ಒಂದನ್ನೊಂದು ವಿರೋಧಿಸುತ್ತಿರಲಿಲ್ಲ. ಮನೆ ಸಾಕದಿದ್ದವರನ್ನು ಮಠ ಸಾಕುತ್ತಿತ್ತು.

ಕಾಳಾಮುಖರ ದೊಡ್ಡತನ ಇದರಿಂದ ಕಡಿಮೆಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಸಂತರ್ಪಣೆ ಬೇರೆ, ದಿನದಿನವೂ ತಡೆಯಿಲ್ಲದೆ ಊಟ ಹಾಕೋದು ಬೇರೆ. ಅದಕ್ಕೆ ಗದ್ದೆ ಬೇಕು, ಕಣಜ ಬೇಕು, ಅಡಿಗೆಯವರು ಬೇಕು. ಬಿಜ್ಜಳನ ದತ್ತಿ ಇದ್ದದ್ದೇ ಅಂಥ ಖರ್ಚಿಗೆ. ತಮಿಳುನಾಡಿನ ತಿರುಮುಕ್ಕೂಡಲ್‌ನಲ್ಲಿ ಚೋಳ ವೀರರಾಜೇಂದ್ರನ ಶಾಸನ ಒಂದು ಆಸ್ಪತ್ರೆಗೆ 15 ಹಾಸಿಗೆ, ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ದಾದಿಯರು, ಇವರಿಗೆಲ್ಲ ಸಂಬಳ ಅಂತ ಬಜೆಟ್ಟೇ ಬರೆದಿಟ್ಟಿದೆ. ಆಂಧ್ರದ ಮಲ್ಕಾಪುರದ 1261ರ ಶಾಸನದಲ್ಲಿ ಗೋಳಕಿ ಮಠದವರ ಆರೋಗ್ಯಶಾಲೆ, ಪ್ರಸೂತಿಶಾಲೆ ಬರುತ್ತವೆ. ಶೈವ ಮಠಗಳು ಈ ಕೆಲಸವನ್ನು ಒಂದು ವ್ಯವಸ್ಥೆಯಾಗಿಯೇ ಮಾಡುತ್ತಿದ್ದವು.

ಆದರೆ ದಾನ ಬೇರೆ, ಸಲ್ಲಬೇಕಾದ್ದು ಬೇರೆ. ಈ ವ್ಯತ್ಯಾಸ ಶಾಸನಗಳಿಗೇ ಗೊತ್ತಿತ್ತು. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ನಮ್ಮ ಶಾಸನಗಳು 'ನೆತ್ತರುಗೊಡಗೆ' ಅನ್ನುತ್ತವೆ. ಬೇಗೂರಿನ ಪ್ರಸಿದ್ಧ ವೀರಗಲ್ಲು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿರುವುದು, ನೋಡಿರುತ್ತೀರಿ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಬಿದ್ದ ಮೇಲೆ ಗಂಗ ಎರೆಯಪ್ಪ ಇರುಗನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಡುತ್ತಾನೆ. ಅಲ್ಲಿ ಭಾಷೆ ಬೇರೆ. ಯಾರಿಗೆ, ಯಾವ ಹಳ್ಳಿಗಳು, ಹೆಸರು ಹಿಡಿದು ಬರೆದಿದೆ. ಕೋಡಿಯ ಮಠದ ಸಮಾಸದಲ್ಲಿ ಅಂಧನಿಗೆ ಹೆಸರಿಲ್ಲ. ಊರಿಲ್ಲ, ಅಪ್ಪನ ಹೆಸರಿಲ್ಲ. ಪಾಲು ಇದ್ದವನಿಗೆ ಎಲ್ಲೆಕಟ್ಟು ಬರೆಯಬೇಕಾಗುತ್ತದೆ, ಮೂಡಲಿಗೆ ಯಾರ ಗದ್ದೆ, ತೆಂಕಲಿಗೆ ಯಾವ ಹಳ್ಳ ಅಂತ. ಊಟಕ್ಕೆ ಬಂದವನಿಗೆ ಅದೆಲ್ಲ ಯಾಕೆ.

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಕಾಗದಪತ್ರ ನೋಡುವಾಗ 1989ರ ಪಾಲುಪಟ್ಟಿ ಸಿಕ್ಕಿತು. ಆಗ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ಜಗಲಿಯಲ್ಲಿ ದೊಡ್ಡವರು ಕೂತಿದ್ದು, ಅಮ್ಮ ಮೂರು ಸಲ ಕಾಫಿ ಮಾಡಿದ್ದು ನೆನಪಿದೆ. ದೊಡ್ಡಪ್ಪನಿಗೆ ಇಷ್ಟು, ಅಪ್ಪನಿಗೆ ಇಷ್ಟು, ಚೆಕ್ಕುಬಂದಿ ಸಮೇತ. ಚಿಕ್ಕಪ್ಪನ ಬಗ್ಗೆ ಒಂದೇ ವಾಕ್ಯ. ದೃಷ್ಟಿ ಇಲ್ಲದ ಕಾರಣ ಜಮೀನು ನೋಡಿಕೊಳ್ಳಲು ಆಗುವುದಿಲ್ಲವಾದ್ದರಿಂದ ಅವರ ಅನ್ನವಸ್ತ್ರದ ಜವಾಬ್ದಾರಿ ನನ್ನ ಅಪ್ಪನದು, ಅದಕ್ಕಾಗಿ ಅಪ್ಪನಿಗೆ ಎರಡು ಎಕರೆ ಹೆಚ್ಚು. ಕೊನೆಯಲ್ಲಿ ಎಲ್ಲ ಪತ್ರಗಳಲ್ಲೂ ಇರುವ ಹಾಗೆ ಓದಿಸಿ ಕೇಳಿ ಒಪ್ಪಿದ್ದೇನೆ ಎಂಬ ಒಕ್ಕಣೆ, ಚಿಕ್ಕಪ್ಪನ ಎಡಗೈ ಹೆಬ್ಬೆಟ್ಟು.

ಅನ್ನವಸ್ತ್ರ. ಪತ್ರ ಬರೆದ ನಮ್ಮೂರ ಬರಹಗಾರರು ಮಿತಾಕ್ಷರ ಓದಿದವರಲ್ಲ. ಎಂಟುನೂರೈವತ್ತು ವರ್ಷ ದಾಟಿ ಆ ಪದಜೋಡಿ ಹೇಗೋ ಅವರ ಪೆನ್ನಿಗೆ ಬಂದಿತ್ತು.

1989ರಲ್ಲಿ ಕಾನೂನು ಹೀಗಿರಲೇ ಇಲ್ಲ ಅನ್ನೋದು ಹೇಳಲೇಬೇಕಾದ ಮಾತು. 1928ರಲ್ಲೇ ಬ್ರಿಟಿಷ್ ಭಾರತದಲ್ಲಿ ಹಿಂದೂ ಉತ್ತರಾಧಿಕಾರದ ಅನರ್ಹತೆಗಳನ್ನು ತೆಗೆಯುವ ಕಾಯಿದೆ ಬಂತು. ಹುಟ್ಟಿನಿಂದ ಬುದ್ಧಿ ಸ್ವಾಧೀನದಲ್ಲಿಲ್ಲದವರನ್ನು ಬಿಟ್ಟು ಉಳಿದವರಿಗೆ ರೋಗ, ಅಂಗವೈಕಲ್ಯದ ಕಾರಣಕ್ಕೆ ಪಾಲು ತಪ್ಪಿಸುವಂತಿಲ್ಲ ಎಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಸೆಕ್ಷನ್ ಆ ಒಂದು ಅಪವಾದವನ್ನೂ ತೆಗೆದುಹಾಕಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ ಹಕ್ಕನ್ನು ಸ್ಪಷ್ಟವಾಗಿ ಬರೆಯಿತು. ಅಂದರೆ ನಮ್ಮ ಜಗಲಿಯಲ್ಲಿ ಕೂತವರು ಪಾಲಿಸಿದ್ದು ಭಾರತದ ಕಾನೂನನ್ನಲ್ಲ. ಅವರು ಕೆಟ್ಟವರೂ ಅಲ್ಲ. ಅಪ್ಪ ಕೊನೆಯವರೆಗೂ ತಮ್ಮನಿಗೆ ಬಡಿಸದೆ ಊಟ ಮಾಡಿದವರಲ್ಲ. ನನ್ನ ಇಂಜಿನಿಯರಿಂಗ್ ಫೀಸು, ಹಾಸ್ಟೆಲ್ ಖರ್ಚು ಬಂದದ್ದು ಆ ಎರಡು ಎಕರೆಯ ಅಡಿಕೆಯಿಂದ. ಅದನ್ನೂ ಇಲ್ಲಿ ಬರೆಯದಿದ್ದರೆ ಈ ಲೇಖನ ಬರೆಯುವ ಯೋಗ್ಯತೆ ನನಗಿಲ್ಲ.

ನಡುವೆ ಒಂದು ಮಾತು. ಶಾಸನದ ಸಮಾಸದಲ್ಲಿ ಅಂಧ, ಬಧಿರರ ಪಕ್ಕದಲ್ಲೇ ಗಾಯಕ, ವಾದಕ ಇದ್ದಾರೆ, ಆದರೆ ಬೇರೆ ಬೇರೆಯಾಗಿ. ಇಬ್ಬರೂ ಒಬ್ಬನೇ ಆಗಬಹುದು ಅಂತ ತೋರಿಸಿದ್ದು ಗದಗದ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲಿನ ಕುಮಾರ ಸ್ವಾಮಿಗಳು ಕಣ್ಣಿಲ್ಲದ ಹುಡುಗನಿಗೆ ಸಂಗೀತ ಕಲಿಸಿದರು, ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು (1892ರಿಂದ 1944). ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಆ ಆಶ್ರಮದಲ್ಲೂ ಊಟ ಉಚಿತ. ಆದರೆ ಊಟ ಮಾಡಿದವನು ಒಂದು ವಿದ್ಯೆ ಹಿಡಿದುಕೊಂಡು ಹೊರಗೆ ಬರುತ್ತಾನೆ, ಅವನಿಗೊಂದು ಹೆಸರಿರುತ್ತದೆ. ಕೋಡಿಯ ಮಠದಿಂದ ಗದಗಕ್ಕೆ ನೇರ ಪರಂಪರೆ ಇದೆ ಅಂತ ನಾನು ಹೇಳುವುದಿಲ್ಲ, ಕಾಳಾಮುಖರು ಬೇರೆ, ವೀರಶೈವ ಮಠಗಳು ಬೇರೆ. ಅನ್ನದಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟದ್ದು ಮಾತ್ರ ಕಣ್ಣಿಗೆ ಕಾಣುತ್ತದೆ.

ಕಳೆದ ವರ್ಷ ಶಾಸನದ ಫೋಟೊ ಇಟ್ಟುಕೊಂಡು ಕಂಪ್ಯೂಟರಿನಲ್ಲಿ 'ಪಂಗ್ವಂಧ ಬಧಿರ' ಅನ್ನುವಷ್ಟು ಅಕ್ಷರಗಳನ್ನು ಬಿಡಿಸಿ, ಮೂರು ಮಿಲಿಮೀಟರ್ ಉಬ್ಬು ಕೊಟ್ಟು, ತ್ರೀಡಿ ಪ್ರಿಂಟ್ ತೆಗೆದೆ. ಕಲ್ಲಿನಲ್ಲಿ ಅಕ್ಷರ ಒಳಗಿರುತ್ತದೆ, ಬೆರಳಿಗೆ ಉಬ್ಬೇ ಸುಲಭ. ಚಿಕ್ಕಪ್ಪ ಎರಡನೇ ಕ್ಲಾಸಿನವರೆಗೆ ಸ್ಲೇಟಿನಲ್ಲಿ ಬರೆದವರು, ಅಕ್ಷರದ ಆಕಾರ ಗೊತ್ತು. ಬಹಳ ಹೊತ್ತು ಬೆರಳಾಡಿಸಿದರು. ಮೊದಲಿನ ಒತ್ತಕ್ಷರ ಬಗೆಹರಿಯಲಿಲ್ಲ. ಕೊನೆಯ ರಕಾರ ಸಿಕ್ಕಿತು, "ಇದು ರ ಅಲ್ವೇನೋ" ಅಂದರು. ನಾನು ಪೂರ್ತಿ ಓದಿ ಹೇಳಿದೆ. "ಇಷ್ಟೇನಾ? ಯಾರು ಅಂತ ಬರ್ದಿಲ್ವಾ?"

"ಇಲ್ಲ ಚಿಕ್ಕಪ್ಪ, ಹೆಸರು ಹಾಕಿಲ್ಲ."

"ಹಾಕಲ್ಲ ಬಿಡು," ಅಂತ ತಟ್ಟೆಯನ್ನು ವಾಪಸ್ ಕೊಟ್ಟರು.

ಆ ಎರಡು ಎಕರೆಯನ್ನು ಅವರ ಹೆಸರಿಗೆ ದಾನಪತ್ರ ಮಾಡಿಕೊಡೋಣ ಅಂತ ನಾನೂ ತಂಗಿಯೂ ಮಾತಾಡಿಕೊಂಡಿದ್ದೆವು. ಅಮ್ಮ ಮೊದಲೇ ಒಪ್ಪಿದ್ದಳು, ಬಹುಶಃ ನಮಗಿಂತ ಮುಂಚೆ. ಚಿಕ್ಕಪ್ಪ ಮಾತ್ರ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಜಮೀನು ಇಟ್ಟುಕೊಂಡು ಏನು ಮಾಡಲಿ ಅನ್ನೋದಲ್ಲ ಅವರ ತಕರಾರು. "ಅದಕ್ಕೆ ದಾನ ಅಂತ ಯಾಕೆ ಬರಿಬೇಕು?" ಅಂದರು. ದಾನಶಾಸನ ಅನ್ನುವ ಪದವನ್ನು ದಿನಕ್ಕೆ ಹತ್ತು ಸಲ ಬಳಸುವ ನನಗೆ ಉತ್ತರ ಹೊಳೆಯಲಿಲ್ಲ. ವಕೀಲರನ್ನು ಕೇಳಿದೆವು. ಹಳೇ ಪಾಲುಪಟ್ಟಿ ರಿಜಿಸ್ಟರ್ ಆಗಿರಲಿಲ್ಲ. ಅವರ ಅಂಶ ಅವರಿಗೆ ಸೇರಿದೆ ಅಂತ ಒಪ್ಪಿ ಹೊಸದಾಗಿ ವಿಭಾಗಪತ್ರವನ್ನೇ ಮಾಡಬಹುದು, ಆದರೆ ದೊಡ್ಡಪ್ಪನ ಮಕ್ಕಳೂ ಸಹಿ ಹಾಕಬೇಕು ಅಂದರು. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ಮನೆಯಲ್ಲಿ ಆಡಿದ ಮಾತುಗಳು ಇಲ್ಲಿ ಬೇಡ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರು ಅಭ್ಯಾಸಬಲದಿಂದ ಇಂಕ್ ಪ್ಯಾಡನ್ನು ಚಿಕ್ಕಪ್ಪನ ಕಡೆ ತಳ್ಳಿದರು. ಚಿಕ್ಕಪ್ಪ ಪೆನ್ನು ಕೇಳಿದರು. ನಾನು ಅವರ ಬೆರಳನ್ನು ಸಾಲಿನ ಶುರುವಿಗೆ ತಂದು ಇಟ್ಟೆ, ಅಷ್ಟೇ. ಅರವತ್ತು ವರ್ಷದ ಹಿಂದೆ ಸ್ಲೇಟಿನಲ್ಲಿ ಕಲಿತ ಅಕ್ಷರ, ದೊಡ್ಡದಾಗಿ, ಸಾಲು ಬಿಟ್ಟು ಬಲಕ್ಕೆ ಹೋಗುತ್ತ ಮೇಲೇರಿತು. ಅವಸರದಲ್ಲಿ ಕೆತ್ತಿದ ಊರ ಕಲ್ಲುಗಳಲ್ಲಿ ಸಾಲು ಹೀಗೇ ಏರಿರುತ್ತದೆ. ಹೆಸರಿನ ಕೊನೆಯ ಅಕ್ಷರ ಪಕ್ಕದ ಸಾಕ್ಷಿಯ ಜಾಗಕ್ಕೆ ನುಗ್ಗಿತ್ತು. ಗುಮಾಸ್ತರು ಸಾಕ್ಷಿಗೆ ಇನ್ನಷ್ಟು ಕೆಳಗೆ ಸಹಿ ಹಾಕಿ ಅಂತ ಹೇಳಿದರು.